ಸಂಖ್ಯೆಯನ್ನು ಬಿಡದಿರಿ

ನಮ್ಮ ಶಾಲೆಯ ಪುಸ್ತಕದಲ್ಲಿ ಬರೆದಿಟ್ಟ ಸಂಖ್ಯೆಗೆ ಕರೆಮಾಡಿದಾಗ, ಮದುವೆಯಾಗಿ ಬೇರೆ ಊರಿಗೆ ತೆರಳಿದ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ದೊರೆಯುವುದಿಲ್ಲ. ಗಂಡನ ಮನೆಯಲ್ಲಿ ನೆಟ್‌ವರ್ಕ್ ಸಿಕ್ಕದಿರಲು, ರೀಚಾರ್ಜಿನ ಅವಧಿ ತೀರಿದೊಡನೆ ಹೊಸ ಸಿಮ್ ಕೊಂಡು ಹಳೆಯ ಸಂಖ್ಯೆಯನ್ನೇ ತ್ಯಜಿಸುವುದು ಇದಕ್ಕೆ ಕಾರಣ. ತ್ಯಜಿಸಿದ ಸಂಖ್ಯೆಯು ಕಾಲಾನಂತರ ಅಪರಿಚಿತರ ಪಾಲಾಗಬಹುದು. ಬ್ಯಾಂಕಿನ ಒಟಿಪಿಯೂ ಅವರ ಕೈಸೇರೀತು.

ಪ್ರಿಯ ಸೋದರಿಯರೇ, ಇದರ ಅಗತ್ಯವೇ ಇಲ್ಲ. ಸಂಖ್ಯೆಯನ್ನುಳಿಸಿಕೊಂಡು ಕಂಪನಿಯನ್ನು ಬದಲಿಸುವ ಅನುಕೂಲವು 2011ರ ಜನವರಿ 20ರಿಂದ ದೇಶದಲ್ಲೆಲ್ಲ ಉಂಟು. 2015ರ ಜುಲೈ 3ರಿಂದ ಹೊರರಾಜ್ಯಕ್ಕೆ ಹೋದವರಿಗೂ ದೊರೆತಿದೆ. ಹಳೆಯ ಸಿಮ್ ನಡೆಯುತ್ತಿರುವಾಗಲೇ, ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಎಡೆಬಿಟ್ಟು ತಮ್ಮ ಸಂಖ್ಯೆಯನ್ನು ಸೇರಿಸಿ, 1900ಕ್ಕೆ ಸಂದೇಶ ಕಳುಹಿಸತಕ್ಕದ್ದು. ಉತ್ತರವಾಗಿ ಬರುವ ಎಂಟಕ್ಷರದ ಗುರುತು ಕರ್ನಾಟಕದಲ್ಲಿ ನಾಲ್ಕು ದಿನ ಮಾತ್ರ ಸಲ್ಲುವುದು. ಅಷ್ಟರೊಳಗೆ ಹೊಸ ಕಂಪನಿಯ ಅಂಗಡಿಗೆ ಹೋಗಬೇಕು.

ಯಾವ ಕಂಪನಿಯೆಂಬುದನ್ನು ಜಾಹೀರಾತಿನ ದರದಿಂದಲೇ ನಿರ್ಣಯಿಸದಿರಿ. ನೆರೆಯವರ ಫೋನನ್ನು ನಿಮ್ಮ ಅಡುಗೆಮನೆಗೂ ಹಿತ್ತಲಿಗೂ ತಂದು, ಮಾತು ಸ್ಪಷ್ಟವಾಗಿ ಕೇಳಿಸುವುದೋ ಎಂದು ಪರೀಕ್ಷಿಸಿರಿ. ಪೋಷಕರಲ್ಲಿಯೂ ಒಂದು ಬಿನ್ನಹ: ಮಗಳ ಸಂಖ್ಯೆಯು ಮಗಳ ಹೆಸರಿನಲ್ಲಿಯೇ ಇರಲಿ. ಕಷ್ಟಕಾಲದಲ್ಲಿ ಅವಳು ತವರನ್ನು ಕೂಗಿ ಕರೆಯುವ ದಾರಿ ಅದು.