ಕೆರೆಯಂಗಳದ ಊರು, ಆಕಾಶದ ಸಾಕ್ಷಿ

ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣದಲ್ಲಿಳಿದು, ಗಂಟುಮೂಟೆಗಳೊಡನೆ ಆಟೋರಿಕ್ಷಾ ಅರಸುವ ಪರವೂರಿನ ಪ್ರಯಾಣಿಕನಿಗೆ ತಾನು ಕೆರೆಯಂಗಳವೊಂದರಲ್ಲಿ ನಿಂತಿರುವೆನೆಂಬುದು ಹೊಳೆಯುವ ಸಂಭವವಿಲ್ಲ. ಆ ಕೆರೆಯ ಹೆಸರು ಧರ್ಮಾಂಬುಧಿ. ನೀರು ಹೋಗಿ, ಬಯಲಾಗಿ, ಕೊನೆಗೆ ನಿಲ್ದಾಣವಾದ ಆ ಜಲಾಶಯದ ಗುರುತನ್ನು ಸಮೀಪದ ಟ್ಯಾಂಕ್ ಬಂಡ್ ರಸ್ತೆಯು ತನ್ನ ಹೆಸರಿನಲ್ಲಿ ಮಾತ್ರ ಉಳಿಸಿಕೊಂಡಿದೆ. ಅಲ್ಲಿಂದ ಪೂರ್ವಾಭಿಮುಖವಾಗಿ ನಡೆದರೆ ಕಂಠೀರವ ಕ್ರೀಡಾಂಗಣ. ಅದು ಸಂಪಂಗಿ ಕೆರೆಯ ನೆಲ. ಕರಗದ ಸಂಪ್ರದಾಯಕ್ಕೆಂದು ಉಳಿದಿರುವ ಪುಟ್ಟ ಕೊಳವೊಂದೇ ಅದರ ಅವಶೇಷ. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಕ್ರೀಡಾಂಗಣವಾಯಿತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಕೋರಮಂಗಲದ ಕೆರೆಯೊಂದರ ಮೇಲೆ 1997ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ವಸತಿಗೃಹಗಳೆದ್ದವು. ಕೆರೆಗಳಿಗೂ ಆಟಗಳಿಗೂ ಈ ಊರಿನಲ್ಲಿ ಅದಾವುದೋ ಜನ್ಮಾಂತರದ ಋಣಾನುಬಂಧವಿರಬೇಕು!

ಕೆರೆ ಹೋದರೂ ಇಳಿಜಾರು ಹೋಗುವುದಿಲ್ಲ. ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕುಳಿತ ಈ ನಗರಕ್ಕೆ ಹೇಳಿಕೊಳ್ಳುವಂಥ ಹೊಳೆಯಿಲ್ಲ. ಮಳೆಯ ನೀರು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಕಣಿವೆಗಳಲ್ಲಿ ಹಂಚಿಹೋಗುತ್ತದೆ. ಮೊದಲೆರಡರ ನೀರು ದಕ್ಷಿಣ ಪಿನಾಕಿನಿಗೆ. ಮೂರನೆಯದು ಅರ್ಕಾವತಿಯ ಮೂಲಕ ಕಾವೇರಿಗೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಎರಡನ್ನೂ ಬೆಸೆಯುವುದು ರಾಜಕಾಲುವೆ. ಹಿರಿಯರು ಕಟ್ಟಿದ ಈ ಸರಮಾಲೆಯಲ್ಲಿ ಯಾವ ಕಾಲುವೆ ಎಲ್ಲಿ ಹರಿಯುತ್ತಿತ್ತೆಂಬುದು ಇಂದು ಕೇವಲ ಚರಿತ್ರೆಯ ಕುತೂಹಲವಾಗಿ ಉಳಿದಿಲ್ಲ. 2016ರ ಆಗಸ್ಟ್ ತಿಂಗಳಿನಲ್ಲಿ ನಗರದ ದಕ್ಷಿಣ ಭಾಗದಲ್ಲಿ, ಹಳೆಯ ಗ್ರಾಮನಕ್ಷೆಗಳಲ್ಲಿ ಕಾಲುವೆಯೆಂದು ಗುರುತಾದ ಜಾಗಗಳ ಮೇಲಿನ ಮನೆಗಳನ್ನು ಯಂತ್ರಗಳು ಕೆಡವಿದವು. ಮನೆಯವರ ಕೈಯಲ್ಲಿಯೂ ಕಾಗದಪತ್ರಗಳಿದ್ದವು. ಸಾಲ ಮಾಡಿ ಕಟ್ಟಿದ ಸೂರಿನ ಅಳಿವು-ಉಳಿವು ನಕ್ಷೆಯ ಒಂದು ಎಳೆಗೆ ಜೋತುಬಿದ್ದಾಗ, ಆ ಎಳೆ ಎಷ್ಟು ದೃಢವೆಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ.

ಅಳತೆಯ ವಿದ್ಯೆಗೆ ಈ ಊರು ಹೊಸದೇನಲ್ಲ. ಶ್ರೀರಂಗಪಟ್ಟಣದ ಪತನವಾದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದನು. ಅವನ ಕೈಯಲ್ಲಿದ್ದ ನೂರಡಿ ಉದ್ದದ ಉಕ್ಕಿನ ಸರಪಳಿ ಮೂಲತಃ ಚೀನಾ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿದ್ದು, ಅಲ್ಲಿ ಬೇಡವಾಗಿ, ಭಾರತಕ್ಕೆ ಬಂದ ವಸ್ತು. ಚಕ್ರವರ್ತಿಗೆ ಒಲ್ಲದ ಸರಪಳಿ ನಮ್ಮ ರಾಗಿಯ ಹೊಲಗಳ ನಡುವೆ ಸಾರ್ಥಕವಾಯಿತು. ಆದರೆ ಅಂಥ ಅಳತೆ ದೇಶದ ಆಕಾರವನ್ನು ತಿಳಿಯುವ ಸಲುವಾಗಿ. ರೈತನ ಹೊಲ, ಬದು, ಹಳ್ಳಗಳನ್ನು ಬರೆದುದು ಕಂದಾಯದ ಮೋಜಣಿ. ಆ ಮೋಜಣಿಯ ಗ್ರಾಮನಕ್ಷೆಗಳು ಬಹುಮಟ್ಟಿಗೆ ಮೈಲಿಗೆ ಎಂಟು ಅಂಗುಲದ, ಎಂದರೆ 7,920ಕ್ಕೆ ಒಂದರ, ಪ್ರಮಾಣದವು. ಕಂದಾಯ ನಿಗದಿಗೆ ಅದು ಧಾರಾಳವಾಗಿ ಸಾಕು. ಆದರೆ ಅದೇ ಕಾಗದದ ಮೇಲೆ ಅರ್ಧ ಮಿಲಿಮೀಟರ್ ದಪ್ಪದ ಶಾಯಿಯ ಗೆರೆಯೊಂದು ನೆಲದ ಮೇಲೆ ಸುಮಾರು ನಾಲ್ಕು ಮೀಟರ್, ಹದಿಮೂರು ಅಡಿ! ಮೂವತ್ತು-ನಲವತ್ತರ ನಿವೇಶನದ ಅಗಲದಲ್ಲಿ ಹೆಚ್ಚುಕಡಿಮೆ ಅರ್ಧ ಆ ಗೆರೆಯ ದಪ್ಪದೊಳಗೇ ಅಡಗಿಹೋಗುತ್ತದೆ. ಮೇಲಾಗಿ ಕಾಗದ ಮಡಿಕೆ ಬಿದ್ದಿರುತ್ತದೆ, ಹಿಗ್ಗಿರುತ್ತದೆ, ಪ್ರತಿಯಿಂದ ಪ್ರತಿ ಮಾಡಿದ್ದಾಗಿರುತ್ತದೆ.

ಇಂಥ ನಕ್ಷೆಯ ಸತ್ಯಾಸತ್ಯವನ್ನು ಪರೀಕ್ಷಿಸಲು ಈಗ ಆಕಾಶದ ಸಾಕ್ಷಿ ದೊರೆತಿದೆ. 1972ರಲ್ಲಿ ಮೇಲೇರಿದ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ನೆಲದ ಸುಮಾರು 80 ಮೀಟರ್. ಕೆರೆ ಕಂಡೀತು, ಕಾಲುವೆ ಕಾಣದು. 2005ರಲ್ಲಿ ನಮ್ಮವರೇ ಹಾರಿಸಿದ ಕಾರ್ಟೊಸ್ಯಾಟ್-1 ಎರಡೂವರೆ ಮೀಟರಿನಷ್ಟು ಸೂಕ್ಷ್ಮವಾಗಿ ನೋಡಿತು. ಅದರ ತರುವಾಯದವು ಒಂದು ಮೀಟರಿಗಿಂತಲೂ ಸಣ್ಣದನ್ನು ಗುರುತಿಸಬಲ್ಲವು.

ಚಿತ್ರವನ್ನೂ ನಕ್ಷೆಯನ್ನೂ ಒಂದರ ಮೇಲೊಂದು ಹಾಸಿ ಹೋಲಿಸುವ ಗಣಕಯಂತ್ರದ ಏರ್ಪಾಡೇ ಭೌಗೋಳಿಕ ಮಾಹಿತಿ ವ್ಯವಸ್ಥೆ. ಬಲ್ಲವರ ಬಾಯಲ್ಲಿ ಜಿ.ಐ.ಎಸ್. ಕೆಲಸದ ಕ್ರಮ ಸರಳವೇ. ಅಂದಿಗೂ ಇಂದಿಗೂ ಕದಲದ ಗುರುತುಗಳನ್ನು ಮೊದಲು ಹುಡುಕಬೇಕು: ಹಳೆಯ ದೇವಾಲಯದ ಮೂಲೆ, ಕೆರೆಯ ತೂಬು, ಮೂರು ಗ್ರಾಮಗಳ ಎಲ್ಲೆ ಕೂಡುವ ಬಾಂದುಕಲ್ಲು. ಅವುಗಳ ಆಧಾರದಿಂದ ನಕ್ಷೆಯನ್ನು ಚಿತ್ರಕ್ಕೆ ಕೂಡಿಸಬೇಕು. ಬಳಿಕ, ಕೂಡಿಸುವಾಗ ಬಳಸದೆ ಬೇರೆಯಿಟ್ಟ ಗುರುತುಗಳನ್ನು ತೆಗೆದು, ಅವು ಎಷ್ಟೆಷ್ಟು ಸರಿದಿವೆಯೆಂದು ಅಳೆಯಬೇಕು. ಈ ಎರಡನೆಯ ಹೆಜ್ಜೆಯನ್ನು ಬಿಟ್ಟವನ ಪರೀಕ್ಷೆಗೆ ಬೆಲೆಯಿಲ್ಲ. ವಾದಿಯ ಮನೆಯವರನ್ನೇ ವಾದಿಯ ಪರ ಸಾಕ್ಷಿಗೆ ಕರೆದಂತಾಗುತ್ತದೆ. ಭೂಮಿಯ ಆಕಾರವನ್ನು ಕುರಿತ ಲೆಕ್ಕವೂ ಒಂದೇ ಇರಬೇಕು. ಹಳೆಯ ಭಾರತೀಯ ಭೂಪಟಗಳು ಎವರೆಸ್ಟ್ 1830ರಲ್ಲಿ ಕೊಟ್ಟ ಲೆಕ್ಕವನ್ನು ಅನುಸರಿಸಿದವು. ಉಪಗ್ರಹಗಳ ಲೆಕ್ಕ ಬೇರೆ. ಅದನ್ನು ಮರೆತು ಅಕ್ಷಾಂಶ ರೇಖಾಂಶಗಳನ್ನು ನೇರವಾಗಿ ಜೋಡಿಸಿದರೆ ಊರಿಗೆ ಊರೇ ನೂರಾರು ಅಡಿ ಪಕ್ಕಕ್ಕೆ ಸರಿಯುತ್ತದೆ. ಯಾರ ಒತ್ತುವರಿಯೂ ಇಲ್ಲದೆಯೇ ಎಲ್ಲರೂ ಒತ್ತುವರಿದಾರರಾಗುತ್ತಾರೆ!

ಹಾಗೆಂದು ಆಕಾಶದ ಸಾಕ್ಷಿ ಸತ್ಯಹರಿಶ್ಚಂದ್ರನ ತುಂಡೆಂದು ವಾಚಕರು ಭಾವಿಸಬಾರದು. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯನ್ನೇ ನೋಡಬಹುದು. ಜಲಕಳೆ ಮುಚ್ಚಿಕೊಂಡಾಗ ಮೇಲಿನಿಂದ ಅದು ಹಸಿರು ಗದ್ದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ಚಿತ್ರದಲ್ಲಿ ನೀರು ಕಪ್ಪಾಗಿಯೂ ಸಸ್ಯ ಕೆಂಪಾಗಿಯೂ ತೋರುತ್ತದಾದರೂ, ಕಳೆಯ ಕೆಳಗಿರುವುದು ನೀರೋ ನೆಲವೋ ಎಂಬುದನ್ನು ಅದೊಂದೇ ಹೇಳಲಾರದು. ಉಪಗ್ರಹ ಓರೆಯಾಗಿ ನೋಡಿದರೆ ಎತ್ತರದ ಕಟ್ಟಡಗಳು ವಾಲಿಕೊಂಡು, ಅವುಗಳ ಮಾಳಿಗೆ ಪಕ್ಕದ ಕಾಲುವೆಯ ಮೇಲೆ ಬಿದ್ದಂತೆ ಕಾಣುತ್ತದೆ. ಮಲ್ಲೇಶ್ವರದ ಓಣಿಗಳಲ್ಲಿ ಮರದ ನೆರಳು ಮೋರಿಯನ್ನು ಮರೆಮಾಡುತ್ತದೆ. ಕಾಲುವೆ ತುಂಬಿ ಹರಿಯುವ ಮಳೆಗಾಲದ ದಿನವೇ ಮೋಡ ಅಡ್ಡ ಬರುತ್ತದೆ.

ಈಗ ಊರಿನ ಜನರ ಕೈಯಲ್ಲೂ ಇಂಥ ಸಾಧನವಿದೆ. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ‘ದಿಶಾಂಕ್’ ಮೊಬೈಲಿನಲ್ಲಿ, ನಿಂತ ನೆಲದ ಸರ್ವೆ ನಂಬರನ್ನು ತೋರಿಸುತ್ತದೆ. ನಿವೇಶನ ಕೊಳ್ಳಹೊರಟ ಗೃಹಸ್ಥರು ಮೊಬೈಲ್ ಹಿಡಿದು ಬಯಲಿನಲ್ಲಿ ಹೆಜ್ಜೆಯಿಡುವ ನೋಟ ನಗರದ ಹೊರವಲಯದಲ್ಲಿ ಸಾಮಾನ್ಯ. ಅವರು ನೋಡುತ್ತಿರುವುದು ಹಳೆಯ ಗ್ರಾಮನಕ್ಷೆಯನ್ನೇ, ಹೊಸ ಚಿತ್ರದ ಮೇಲೆ. ಹಳೆಯ ಗೆರೆಯ ದಪ್ಪ ಗಾಜಿನ ಪರದೆಯ ಮೇಲೆ ತೆಳ್ಳಗೆ ಕಂಡಿತೆಂದ ಮಾತ್ರಕ್ಕೆ ಅದು ನಿಖರವಾಯಿತೆಂದೇನೂ ಅಲ್ಲ.

2022ರ ಸೆಪ್ಟೆಂಬರಿನ ಮಹಾವೃಷ್ಟಿಯಲ್ಲಿ ಬೆಳ್ಳಂದೂರು, ವರ್ತೂರುಗಳ ಸುತ್ತಿನ ಸಿರಿವಂತ ಬಡಾವಣೆಗಳಿಗೂ ನೀರು ನುಗ್ಗಿ, ಮನೆಯ ಯಜಮಾನರು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಹೊರಬಂದರು. ಮತ್ತೆ ಯಂತ್ರಗಳು ಹೊರಟವು, ಮತ್ತೆ ನಕ್ಷೆಗಳು ಬಿಚ್ಚಿಕೊಂಡವು. ಎರಡು ನಕ್ಷೆಗಳು ಒಪ್ಪದ ಕಡೆ ಮಾಡಬೇಕಾದುದು ಹಳೆಯ ಕೆಲಸವೇ: ಉಪಗ್ರಹಗಳಿಂದ ಸ್ಥಾನ ಹಿಡಿಯುವ ಕಂಬವನ್ನು ಹೆಗಲಿಗೇರಿಸಿ ಭೂಮಾಪಕನು ಬಾಂದುಕಲ್ಲು ಹುಡುಕಬೇಕು, ಕೋಡಿಯಿಂದ ಕೋಡಿಗೆ ನಡೆಯಬೇಕು, ಮನೆಗಳ ಹಿತ್ತಿಲಿನಲ್ಲಿ ಚಪ್ಪಡಿ ಎತ್ತಿಸಿ, ಕೆಳಗೆ ನೀರು ಯಾವ ಕಡೆಗೆ ಹರಿಯುತ್ತಿದೆಯೆಂದು ಬಗ್ಗಿ ನೋಡಬೇಕು.