ಹರ್ಟ್ಜ್ ಹಿಡಿಯುವ ಹುಚ್ಚು

2020ರ ಫೆಬ್ರುವರಿ 1ರಂದು ಐಕಳ ಕಂಬಳದಲ್ಲಿ ಮೂಡುಬಿದಿರೆ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.50 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಅದನ್ನು ನೂರು ಮೀಟರಿಗೆ ಇಳಿಸಿ, 9.55 ಸೆಕೆಂಡು ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್ ಪಕ್ಕದಲ್ಲಿ ನಿಲ್ಲಿಸಿದವರು ದೇಶ ತುಂಬ ಇದ್ದರು. ಟಿವಿಯಲ್ಲಿ ಗೇಮ್ ಆಡುವವರಿಗೆ ಇದೇ ಅಂಕಿಯಲ್ಲಿ ಇನ್ನೊಂದು ಲೆಕ್ಕ ಸಿಗುತ್ತದೆ. ಆ ವೇಗ ಸೆಕೆಂಡಿಗೆ ಹತ್ತೂವರೆ ಮೀಟರಿನ ಹತ್ತಿರ. ಸೆಕೆಂಡಿಗೆ 30 ಚಿತ್ರ ತೋರಿಸುವ ಪರದೆಯಲ್ಲಿ ಒಂದು ಚಿತ್ರದಿಂದ ಮುಂದಿನದಕ್ಕೆ ಹೋಗುವಷ್ಟರಲ್ಲಿ ಕೋಣ 35 ಸೆಂಟಿಮೀಟರ್ ದಾಟಿರುತ್ತದೆ. 60ರಲ್ಲಿ 17, 120ರಲ್ಲಿ ಒಂಬತ್ತಕ್ಕೂ ಕಡಿಮೆ. ಎರಡೂ ಕರೆಯ ಕೋಣಗಳು ಮೂಗಿಗೆ ಮೂಗು ಸರಿಯಾಗಿ ಓಟದ ಕೊನೆಯ ಮಂಜೊಟ್ಟಿ ಮುಟ್ಟುವಾಗ 35 ಸೆಂಟಿಮೀಟರ್ ಎಂದರೆ ಎಷ್ಟು ದೊಡ್ಡದೆಂದು ಕಂಬಳ ನೋಡಿದವರಿಗೆ ವಿವರಿಸಬೇಕಾಗಿಲ್ಲ.

ಸೆಕೆಂಡಿಗೆ ಎಷ್ಟು ಚಿತ್ರ ಎಂದು ಹರ್ಟ್ಜ್ ಲೆಕ್ಕದಲ್ಲಿ ಹೇಳುವ ರಿಫ್ರೆಶ್ ರೇಟ್ ಎಂಬುದರ ಮರ್ಮ ಇಷ್ಟೇ. ಆದರೆ ಅದನ್ನು ಸರಿಯಾಗಿ ಕೂರಿಸುವುದರಲ್ಲಿ ಒಂದು ಸುಖವಿದೆ, ಮತ್ತು ಆ ಸುಖ ಹತ್ತಿದವನು ಹೊಸ ಆಟ ತಂದರೆ ಮೊದಲು ತೆರೆಯುವುದು ಆಟವನ್ನಲ್ಲ, ಸೆಟ್ಟಿಂಗ್ಸನ್ನು. ಬಿ.ಸಿ.ರೋಡಿನ ಫ್ಲ್ಯಾಟಿರಲಿ, ಗುರುವಾಯನಕೆರೆಯ ತೋಟದ ಮನೆಯಿರಲಿ, ದುಬೈಯಿಂದ ಮಾವ ತಂದ ಪ್ಲೇಸ್ಟೇಷನ್ ಇರಲಿ, ಕಾಲೇಜಿಗೆಂದು ಕೊಂಡ ಲ್ಯಾಪ್‌ಟಾಪ್ ಇರಲಿ, ಕತೆ ಒಂದೇ.

ಲ್ಯಾಪ್‌ಟಾಪಿನದನ್ನೇ ನೋಡಿ. ಎಚ್‌ಡಿಎಂಐ ವಯರ್ ಸಿಕ್ಕಿಸಿದ ಕೂಡಲೇ 4ಕೆ ಟಿವಿಯಲ್ಲಿ ಚಿತ್ರವೇನೋ ಬರುತ್ತದೆ, ಚೆಂದವೂ ಇರುತ್ತದೆ. ಮೌಸ್ ಅಲ್ಲಾಡಿಸಿದರೆ ಮಾತ್ರ ಬಾಣ ಅಂಟಿಕೊಂಡಂತೆ, ಕೈಗಿಂತ ಒಂದು ಹೆಜ್ಜೆ ಹಿಂದೆ. ಪಳಗಿದವನಿಗೆ ಅಷ್ಟು ಸಾಕು. ಇದು 30 ಹರ್ಟ್ಜ್ ಎಂದು ಅವನ ಮಣಿಕಟ್ಟೇ ಹೇಳಿಬಿಡುತ್ತದೆ. 2009ರಲ್ಲಿ ಬಂದ ಎಚ್‌ಡಿಎಂಐ 1.4ರ ತಾಕತ್ತು 4ಕೆಯಲ್ಲಿ 30ಕ್ಕೇ ಮುಗಿಯುತ್ತದೆ. 60 ಬೇಕೆಂದರೆ 2013ರ 2.0 ಬೇಕು, ಅದು ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುತ್ತದೆ. 120 ಬೇಕೆಂದರೆ 2017ರ 2.1, 48 ಗಿಗಾಬಿಟ್. ಇಷ್ಟೆಲ್ಲ ಇದ್ದರೂ ಟಿವಿ ತಾನಾಗಿ ಬಾಗಿಲು ತೆರೆಯದಿರಬಹುದು. ಎಲ್‌ಜಿಯಲ್ಲಿ ‘ಡೀಪ್ ಕಲರ್’, ಸ್ಯಾಮ್‌ಸಂಗ್‌ನಲ್ಲಿ ‘ಇನ್‌ಪುಟ್ ಸಿಗ್ನಲ್ ಪ್ಲಸ್’, ಸೋನಿಯಲ್ಲಿ ‘ಎನ್‌ಹಾನ್ಸ್ಡ್ ಫಾರ್ಮ್ಯಾಟ್’ ಎಂದು ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟು ಒಂದೊಂದು ಮೂಲೆಯಲ್ಲಿ ಅಡಗಿಸಿಟ್ಟ ಸ್ವಿಚ್ಚನ್ನು ಹುಡುಕಿ ಒತ್ತಬೇಕು. ಪರದೆ ಎರಡು ಸೆಕೆಂಡು ಕಪ್ಪಾಗಿ ಮತ್ತೆ ಹೊತ್ತಿಕೊಂಡಾಗ ಅದೇ ಬಾಣ ಬೆಣ್ಣೆಯ ಮೇಲೆ ಓಡುತ್ತದೆ. ಆ ಎರಡು ಸೆಕೆಂಡಿನ ಕತ್ತಲೆಗಾಗಿಯೇ ಈ ಹವ್ಯಾಸ ಎಂದರೂ ತಪ್ಪಿಲ್ಲ.

ಹರ್ಟ್ಜಿನ ಈ ಗೋಜಲಿನ ಬೇರು ಹಳೆಯದು. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಜ್. ಅದಕ್ಕೆ ಹೊಂದುವಂತೆ ದೂರದರ್ಶನ ಬಳಸುತ್ತಿದ್ದ ಪಾಲ್ ಪದ್ಧತಿಯ ಟಿವಿಯೂ 50. ಜಪಾನ್, ಅಮೆರಿಕದ ಟಿವಿಗಳು 60. ಅಲ್ಲಿ ಹುಟ್ಟಿದ ಆಟಗಳನ್ನು ಪಾಲ್ ಟಿವಿಗೆ ತರುವಾಗ ಎಷ್ಟೋ ಕಂಪನಿಗಳು ವೇಗ ಸರಿಪಡಿಸುವ ಗೋಜಿಗೇ ಹೋಗಲಿಲ್ಲ. 1991ರ ‘ಸೋನಿಕ್’ ಆಟ ಪಾಲ್ ಯಂತ್ರದಲ್ಲಿ ಆರನೇ ಒಂದು ಪಾಲು ನಿಧಾನ, ಹಾಡೂ ನಿಧಾನ, ಮೇಲೂ ಕೆಳಗೂ ಕಪ್ಪು ಪಟ್ಟಿ. ವೇಗಕ್ಕೇ ಹೆಸರಾದ ಪ್ರಾಣಿಗೆ ಇದಕ್ಕಿಂತ ಅವಮಾನ ಬೇಕೇ!

ಪಿಕ್ಚರ್ ಟ್ಯೂಬಿನ ಕಾಲದ ಇನ್ನೊಂದು ಚಾಳಿ ಇವತ್ತಿನ ಟಿವಿಗೂ ಬಂದಿದೆ. ಟ್ಯೂಬಿನ ಅಂಚು ಸೊಟ್ಟಗಿರುತ್ತಿದ್ದುದರಿಂದ ಚಿತ್ರವನ್ನು ತುಸು ಹಿಗ್ಗಿಸಿ ಅಂಚು ಕತ್ತರಿಸುವ ಪದ್ಧತಿ ಇತ್ತು, ಅದೇ ಓವರ್‌ಸ್ಕ್ಯಾನ್. ಈಗ ಅದರ ಅಗತ್ಯವೇ ಇಲ್ಲ, ಆದರೂ ಕೆಲವು ಟಿವಿಗಳು ಮಾಡುತ್ತವೆ. ಕ್ರಿಕೆಟ್ ಆಟದಲ್ಲಿ ಕೆಳಗಿನ ಸ್ಕೋರ್ ಪಟ್ಟಿ ಅರ್ಧ ಮಾಯವಾಗಿ, ಬೇಕಾದ ರನ್ ಆರೋ ಎಂಟೋ ಎಂದು ತಿಳಿಯದೆ ಹುಡುಗರು ಜಗಳಾಡುವುದು ಇದರಿಂದಲೇ. ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಎಂಬುದನ್ನು ಆರಿಸಿದರೆ ಜಗಳ ಮುಗಿಯಿತು, ಅಕ್ಷರಗಳೂ ಚೂಪಾದವು.

ಇನ್ನು ರೆಸಲ್ಯೂಶನ್. ಇಲ್ಲಿ ಮೋಹ ಜಾಸ್ತಿ, ಲಾಭ ಕಡಿಮೆ. 1080ಪಿಯಲ್ಲಿ 20,73,600 ಚುಕ್ಕಿ, 4ಕೆಯಲ್ಲಿ ಅದರ ನಾಲ್ಕು ಪಟ್ಟು. ಆದರೆ 43 ಇಂಚಿನ ಟಿವಿಯಲ್ಲಿ 1080ಪಿಯ ಒಂದು ಚುಕ್ಕಿಯ ಅಗಲ ಅರ್ಧ ಮಿಲಿಮೀಟರ್. ಒಳ್ಳೆಯ ಕಣ್ಣಿಗೂ ಸುಮಾರು ಐದೂವರೆ ಅಡಿಯಾಚೆ ಅದು ಬಿಡಿಯಾಗಿ ಕಾಣುವುದಿಲ್ಲ. ಚಾವಡಿಯಲ್ಲಿ ಎಂಟು ಹತ್ತು ಅಡಿ ದೂರ ಸೋಫಾ ಹಾಕಿದವರು 4ಕೆಗಾಗಿ ವೇಗ ಬಲಿಕೊಡುವುದು ಶುದ್ಧ ನಷ್ಟ. 2022ರ ‘ಗಾಡ್ ಆಫ್ ವಾರ್ ರ್‍ಯಾಗ್ನರಾಕ್’ ಪಿಎಸ್5ನಲ್ಲಿ ಎರಡನ್ನೂ ಮುಂದಿಡುತ್ತದೆ: ಚಿತ್ರದ ಚೆಲುವಿಗೆ 4ಕೆ ಮತ್ತು 30, ವೇಗಕ್ಕೆ ಕಡಿಮೆ ಚುಕ್ಕಿ ಮತ್ತು 60. ಆ ಆಟದಲ್ಲಿ ಕೊಡಲಿ ಎಸೆಯುವವನು ಎರಡನೆಯದನ್ನೇ ಆರಿಸಲಿ. 30ರಲ್ಲಿ ಒಂದು ಚಿತ್ರಕ್ಕೆ 33 ಮಿಲಿಸೆಕೆಂಡು, 60ರಲ್ಲಿ 17ರ ಒಳಗೆ. ಆ ವ್ಯತ್ಯಾಸ ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಗೊತ್ತಾಗುತ್ತದೆ.

ಗೇಮ್ ಮೋಡ್ ಹಾಕದಿದ್ದರೆ ಇಷ್ಟೂ ವ್ಯರ್ಥ. ಸೀರಿಯಲ್ಲು, ಸಿನಿಮಾ ನಯವಾಗಿ ಕಾಣಲೆಂದು ಟಿವಿ ಚಿತ್ರಗಳನ್ನು ಹಿಡಿದಿಟ್ಟುಕೊಂಡು ನಡುವೆ ತನ್ನದೇ ಚಿತ್ರ ಹೆಣೆದು ಸೇರಿಸುತ್ತದೆ. ಒತ್ತಿದ ಗುಂಡಿಗೆ ಉತ್ತರ ಬರುವಷ್ಟರಲ್ಲಿ ನೂರು ಮಿಲಿಸೆಕೆಂಡು ದಾಟಿದರೂ ದಾಟಿತು. ಗೇಮ್ ಮೋಡ್ ಆ ಹೆಣಿಗೆಯನ್ನೆಲ್ಲ ನಿಲ್ಲಿಸುತ್ತದೆ. ಸಿನಿಮಾ ಹಾಕುವಾಗ ಮತ್ತೆ ಬದಲಿಸಿದರಾಯಿತು.

ಎಲ್ಲ ಸರಿಯಾಗಿ ಕೂತಿತು ಎನ್ನುವಾಗ ಮೇ ತಿಂಗಳ ಸಂಜೆ ಘಟ್ಟದ ಕಡೆಯಿಂದ ಗುಡುಗು ಕೇಳುತ್ತದೆ. ಒಳಗಿನಿಂದ ಅಮ್ಮನ ದನಿ: “ಸಿಡಿಲು ಬರ್ತಾ ಉಂಟು, ವಯರ್ ತೆಗೆ ಮಾರಾಯ!” ಬೆಳ್ತಂಗಡಿಯ ಕಡೆ ಈ ಮಾತಿಗೆ ಎದುರಾಡುವವರಿಲ್ಲ, ಸಿಡಿಲಿಗೆ ಎಚ್‌ಡಿಎಂಐ ಪೋರ್ಟು ಸುಟ್ಟರೆ ಬೋರ್ಡೇ ಬದಲಿಸಬೇಕಾದೀತು. ಮಳೆ ಬಿಟ್ಟ ಮೇಲೆ ವಯರ್ ಸಿಕ್ಕಿಸುವಾಗ ಅವಸರದಲ್ಲಿ ಬೇರೆ ಪೋರ್ಟಿಗೆ ಹೋದರೆ ಆ ಪೋರ್ಟಿನ ಸೆಟ್ಟಿಂಗೇ ಬೇರೆ, ಮತ್ತೆ 30.

ಹೊಸ ಟಿವಿ ಕೊಳ್ಳಲು ಹೊರಟವರಿಗೆ ಒಂದು ಮಾತು. ಡಬ್ಬದ ಮೇಲೆ ‘ಮೋಷನ್ ರೇಟ್ 120’ ಎಂದೋ 240 ಎಂದೋ ದಪ್ಪಕ್ಷರದಲ್ಲಿ ಬರೆದಿದ್ದರೆ ಮರುಳಾಗಬೇಡಿ, ಅದರೊಳಗೆ 60 ಹರ್ಟ್ಜ್ ಪ್ಯಾನೆಲ್ ಇರಬಹುದು. ಪ್ಯಾನೆಲಿನ ನಿಜವಾದ ಹರ್ಟ್ಜ್ ಎಷ್ಟು, ಎಚ್‌ಡಿಎಂಐ 2.1 ಇರುವುದು ಯಾವ ಪೋರ್ಟಿನಲ್ಲಿ ಎಂದು ಕೇಳಿ. ಅಂಗಡಿಯವರು ತಡವರಿಸಿದರೆ ಅಲ್ಲೇ ಮೊಬೈಲ್ ತೆಗೆದು ಮಾಡೆಲ್ ನಂಬರ್ ಹಾಕಿ ನೋಡಿ, ಆಮೇಲೆ ದುಡ್ಡು ಎಣಿಸಿ.