ಕಪಿಲೆಯ ಹಿನ್ನೀರಿನಲ್ಲಿ ಗಜಸ್ನಾನ

ಮೈಸೂರಿನಿಂದ ನೈರುತ್ಯಕ್ಕೆ ಹೆಗ್ಗಡದೇವನಕೋಟೆಯ ಮಾರ್ಗವಾಗಿ ಹೋದರೆ ಕಾಕನಕೋಟೆಯ ಅರಣ್ಯವು ದೊರೆಯುವುದು. ಇದು ಪೂರ್ವದಲ್ಲಿ ಖೆಡ್ಡಾಗಳಿಂದ ಪ್ರಸಿದ್ಧವಾಗಿದ್ದ ಸ್ಥಳ. ಕಡೆಯ ಖೆಡ್ಡಾ ನಡೆದುದು 1971ರಲ್ಲಿ. ಕಪಿಲೆಗೆ, ಎಂದರೆ ಕಬಿನಿ ಹೊಳೆಗೆ, 1974ರಲ್ಲಿ ಅಣೆಕಟ್ಟು ಪೂರ್ಣವಾದ ಮೇಲೆ ಈ ಕಾಡಿನ ಒಂದು ಭಾಗವು ಜಲಾಶಯದಲ್ಲಿ ಮುಳುಗಿತು. ಬೇಸಗೆಯಲ್ಲಿ ನೀರು ಹಿಂದಕ್ಕೆ ಸರಿದಂತೆಲ್ಲ ದಡದಲ್ಲಿ ಎಳೆಹುಲ್ಲು ಚಿಗುರುವುದು. ಸುತ್ತಣ ನಾಗರಹೊಳೆ, ಬಂಡೀಪುರಗಳ ಕಾಡುಗಳಲ್ಲಿ ಕುಂಟೆಗಳು ಬತ್ತಿದಾಗ ಆನೆಗಳು ನೂರಾರು ಸಂಖ್ಯೆಯಲ್ಲಿ ಇಲ್ಲಿಗೆ ಬಂದು ಸೇರುವುವು.

ವೈಶಾಖಮಾಸದ ಒಂದು ಅಪರಾಹ್ನದಲ್ಲಿ ನಾವು ದೋಣಿಯೊಳಗೆ ಕುಳಿತು ಇಂತಹ ಒಂದು ಹಿಂಡನ್ನು ನೋಡಿದೆವು. ಹೆಣ್ಣಾನೆಗಳೂ ಮರಿಗಳೂ ಕಂಠದವರೆಗೆ ಮುಳುಗಿ, ಸೊಂಡಿಲಿನಿಂದ ನೀರೆರಚಿಕೊಂಡು, ಬಹಳ ಹೊತ್ತು ಮಿಂದುವು. ಬಳಿಕ ದಡವನ್ನೇರಿ, ತೊಯ್ದ ಮೈಮೇಲೆ ಧೂಳನ್ನು ಸುರಿದುಕೊಂಡುವು. “ತೊಳೆದ ಮೈಯನ್ನು ಮತ್ತೆ ಕೊಳೆಮಾಡಿಕೊಂಡಿತಲ್ಲ, ತಾತ!” ಎಂದು ನಮ್ಮ ಮೊಮ್ಮಗನು ನಕ್ಕನು. ನಿಷ್ಫಲವಾದ ಕಾರ್ಯಕ್ಕೆ ನಮ್ಮ ಪೂರ್ವಿಕರು ಗಜಸ್ನಾನವನ್ನೇ ದೃಷ್ಟಾಂತವಾಗಿ ಹೇಳಿರುವರು. ಮನುಷ್ಯನಿಗೆ ಬುದ್ಧಿಹೇಳುವುದಕ್ಕೆ ಆ ದೃಷ್ಟಾಂತವು ಒಪ್ಪುವುದು. ಆದರೆ ಆನೆಯ ಪಾಲಿಗೆ ಆ ಧೂಳು ನಿಷ್ಫಲವಲ್ಲ.

ಚೆಂಬಿನ ಬಿಸಿನೀರು ಬೇಗನೆ ಆರುವುದು, ಹಂಡೆಯದು ನಿಧಾನವಾಗಿ ಆರುವುದು. ಇದು ಪ್ರತಿ ಗೃಹಿಣಿಗೂ ತಿಳಿದ ವಿಷಯ. ಗಾತ್ರವು ಹೆಚ್ಚಿದಂತೆಲ್ಲ ಒಳಗಿನ ಶಾಖಕ್ಕೆ ಹೊರಬೀಳಲು ಮೈಯ ವಿಸ್ತಾರವು ಸಾಲದಾಗುವುದು. ದೊಡ್ಡ ಸಲಗದ ತೂಕವು 4,000 ಕಿಲೋಗ್ರಾಂಗಳನ್ನು ಮೀರಬಲ್ಲದು. ಅದರ ಮೇಲೆ, ಆನೆಗೆ ನಮ್ಮಂತೆ ಮೈಯೆಲ್ಲ ಬೆವರುವ ಸೌಕರ್ಯವಿಲ್ಲ. ಬೆವರಿನ ಗ್ರಂಥಿಗಳಿರುವುದು ಕಾಲುಗುರುಗಳ ಬಳಿಯಲ್ಲಿ ಮಾತ್ರ.

ಆದುದರಿಂದ ಪ್ರಕೃತಿಯು ಅದಕ್ಕೆ ಬೇರೆ ಉಪಾಯಗಳನ್ನು ಕಲ್ಪಿಸಿದೆ. ಮೊದಲನೆಯದು ಕಿವಿ. ಮೊರದಂತಹ ಆ ಕಿವಿಯ ತೆಳುವಾದ ಚರ್ಮದಲ್ಲಿ ರಕ್ತನಾಳಗಳು ಜಾಲದಂತೆ ಹರಡಿಕೊಂಡಿವೆ. ಸೆಕೆಯಾದಾಗ ಆ ನಾಳಗಳು ಹಿಗ್ಗಿ, ಬಿಸಿರಕ್ತವು ಅಲ್ಲಿಗೆ ಹೆಚ್ಚಾಗಿ ಹರಿಯುವುದು. ಕಿವಿಯನ್ನು ಬೀಸಿದಾಗ ಅದು ತಂಪಾಗಿ ದೇಹಕ್ಕೆ ಮರಳುವುದು. ಎರಡನೆಯದು ನೀರು. ಸೊಂಡಿಲಿನಿಂದೊಮ್ಮೆ, ಬಾಯಿಯಿಂದೊಮ್ಮೆ ಕುಡಿಯುವುದರಿಂದಲೇ ಸಂಸ್ಕೃತದಲ್ಲಿ ಆನೆಗೆ ದ್ವಿಪವೆಂಬ ಹೆಸರು. ಬೆಳೆದ ಆನೆಯು ದಿನಕ್ಕೆ 100 ಲೀಟರಿಗೂ ಮಿಕ್ಕಿ ಕುಡಿಯಬಲ್ಲದು. ಮೂರನೆಯದು ಚರ್ಮ. ಅದರ ಸುಕ್ಕುಗಳಲ್ಲಿ ನಿಂತ ನೀರೂ ಕೆಸರೂ ಮೆಲ್ಲಮೆಲ್ಲನೆ ಆರುತ್ತ ಬಹಳ ಹೊತ್ತು ಮೈಯ ಶಾಖವನ್ನು ಕಳೆಯುವುವು. ಮೇಲಿನ ಧೂಳು ಬಿಸಿಲಿಗೂ ನೊಣಗಳಿಗೂ ಮರೆಯಾಗುವುದು. ವಿರಳವಾದ ರೋಮಗಳು ಸಹ ಶಾಖವನ್ನು ಗಾಳಿಗೆ ಒಯ್ಯಲು ನೆರವಾಗುವುವು. ಇಷ್ಟಾದರೂ ಉಳಿದ ಶಾಖವನ್ನು ಆನೆಯು ಹಗಲೆಲ್ಲ ಮೈಯಲ್ಲಿ ತಾಳಿಕೊಂಡಿದ್ದು, ಇರುಳಿನ ತಂಪಿನಲ್ಲಿ ಹೊರಬಿಡುವುದು. ಹಗಲು ಮಾಡಿದ ಸಾಲವನ್ನು ರಾತ್ರಿ ತೀರಿಸುವ ಗೃಹಸ್ಥನಂತೆ.

ಈ ಉಪಾಯಗಳೆಲ್ಲವೂ ಫಲಿಸುವುದು ನೀರು, ನೆರಳು, ಮಣ್ಣು, ತಂಪಾದ ಇರುಳು ಇವು ನಾಲ್ಕೂ ದೊರೆತಾಗ ಮಾತ್ರ. ಕಾಡಾನೆಯು ಇವನ್ನು ತಾನೇ ಅರಸಿಕೊಂಡು ಬರುವುದು. ಸರಪಳಿಯಲ್ಲಿರುವ ಆನೆಗೆ ಆ ಸ್ವಾತಂತ್ರ್ಯವೆಲ್ಲಿಯದು? ಜಾತ್ರೆ, ಮೆರವಣಿಗೆಗಳಲ್ಲಿ ಅದನ್ನು ನಡುಹಗಲು ಕಾದ ಟಾರುರಸ್ತೆಯ ಮೇಲೆ ಗಂಟೆಗಟ್ಟಲೆ ನಿಲ್ಲಿಸುವುದನ್ನು ನಾವು ಅಲ್ಲಲ್ಲಿ ಕಂಡಿದ್ದೇವೆ. ಅದು ಬಿಡುವಿಲ್ಲದೆ ಕಿವಿ ಬೀಸುವುದನ್ನು ಜನರು ಸಂತೋಷದ ಗುರುತೆಂದು ಭಾವಿಸಿ ಕೈಮುಗಿಯುವರು. ಬಿಸಿಲಿನಲ್ಲಿ ಅದು ಸೆಕೆಯನ್ನು ಸಹಿಸಲಾರದ ಪ್ರಾಣಿಯ ಪ್ರಯತ್ನವಾಗಿರಬಹುದು.

ದೇವಾಲಯದ ಬಾಗಿಲಿನಲ್ಲಿ ಮಕ್ಕಳ ಕೈಯಿಂದ ಆನೆಗೆ ಬಾಳೆಯಹಣ್ಣನ್ನು ಕೊಡಿಸುವ ವಾಚಕರು, ಅದು ನೆರಳಿನಲ್ಲಿ ನಿಂತಿದೆಯೇ, ಇಂದು ಅದಕ್ಕೆ ಸ್ನಾನವಾಯಿತೇ, ಹೊಟ್ಟೆತುಂಬ ನೀರು ದೊರೆಯಿತೇ ಎಂದು ಮಾವುತನನ್ನೂ ಆಡಳಿತದವರನ್ನೂ ವಿನಯದಿಂದ ವಿಚಾರಿಸಬೇಕು. ಹತ್ತು ಮನೆಯವರು ಹೀಗೆ ಕೇಳತೊಡಗಿದರೆ ಕಟ್ಟುವ ಜಾಗಕ್ಕೊಂದು ಚಪ್ಪರ, ಪಕ್ಕದಲ್ಲೊಂದು ನೀರಿನ ತೊಟ್ಟಿ ಒದಗುವುದು ಕಷ್ಟವಲ್ಲ.